ಅನ್ನದ ತಟ್ಟೆಯಲ್ಲಿ ಮಣ್ಣಿನ ಲೆಕ್ಕ

ಊರಿನಿಂದ ಕರೆ ಮಾಡುವ ಹಿರಿಯರು ಚಳಿ, ಮಳೆ, ಮಕ್ಕಳ ಓದು ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಅಲ್ಲಿ ಒಳ್ಳೆಯ ಅಕ್ಕಿ ಸಿಗುತ್ತದೆಯೇ?’ ಇಂಗ್ಲೆಂಡಿಗೆ ಬರಲು ಸಿದ್ಧತೆ ನಡೆಸಿರುವ ತರುಣರ ಪ್ರಶ್ನೆಯ ಧಾಟಿ ಬೇರೆ: ‘ಅಲ್ಲಿ ಎಲ್ಲವೂ ಪರೀಕ್ಷೆಯಾಗಿಯೇ ಅಂಗಡಿಗೆ ಬರುತ್ತದಲ್ಲವೇ ಸಾರ್, ಇಲ್ಲಿಯ ಹಾಗೆ ವಿಷದ ಭಯವಿಲ್ಲವಲ್ಲ?’ ಎರಡೂ ಪ್ರಶ್ನೆಗಳ ಹಿಂದಿರುವ ನಂಬಿಕೆ ಒಂದೇ. ಆಹಾರದ ಶುದ್ಧಿಯನ್ನು ದೇಶ ನಿರ್ಧರಿಸುತ್ತದೆ ಎಂಬುದು. ಅಕ್ಕಿಯ ಮಟ್ಟಿಗೆ ಈ ನಂಬಿಕೆ ಪೂರ್ಣವಾಗಿ ಸರಿಯಲ್ಲ. ಅದರೊಳಗೆ ಯಾವ ಲೋಹ ಎಷ್ಟಿದೆ ಎಂಬುದನ್ನು ಮೊದಲು ತೀರ್ಮಾನಿಸುವುದು ಅದು ಬೆಳೆದ ಗದ್ದೆಯ ಮಣ್ಣು ಮತ್ತು ನೀರು. ಆನಂತರ ನಮ್ಮ ಅಡುಗೆಮನೆ.

ನಮ್ಮ ಪೂರ್ವಿಕರು ಪಾಷಾಣವೆಂದು ಹೆದರುತ್ತಿದ್ದ ವಿಷದ ಮೂಲಧಾತು ಆರ್ಸೆನಿಕ್. ಅತ್ಯಲ್ಪ ಪ್ರಮಾಣದಲ್ಲಿ ಅದು ಎಲ್ಲ ಮಣ್ಣಿನಲ್ಲಿಯೂ ಇದೆ. ಒಣ ಮಣ್ಣಿನಲ್ಲಿ ಅದು ಕಬ್ಬಿಣದ ಆಕ್ಸೈಡ್ ಕಣಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸಿದಾಗ ಮಣ್ಣಿನೊಳಗೆ ಆಮ್ಲಜನಕ ಕುಗ್ಗಿ, ಕಬ್ಬಿಣ ಕರಗಿ, ಅಂಟಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಬೇರಿನ ಬಳಿ ಸೇರುತ್ತದೆ. ಭತ್ತದ ಸಸ್ಯಕ್ಕೆ ಸಿಲಿಕಾನ್ ಹೇರಳವಾಗಿ ಬೇಕು. ಸಿಲಿಕಾನನ್ನು ಒಳಗೆ ಬಿಟ್ಟುಕೊಳ್ಳುವ ಬೇರಿನ ಬಾಗಿಲುಗಳ ಮೂಲಕವೇ ಆರ್ಸೆನಿಕ್ ಕೂಡ ನುಸುಳುತ್ತದೆ ಎಂಬುದನ್ನು ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ಮತ್ತು ಸಂಗಡಿಗರು 2008ರಲ್ಲಿ ತೋರಿಸಿಕೊಟ್ಟರು. ರಾಗಿ, ಜೋಳ, ಗೋಧಿ ನೀರು ನಿಲ್ಲದ ನೆಲದ ಬೆಳೆಗಳಾದುದರಿಂದ ಅವುಗಳಿಗೆ ಈ ತೊಡಕು ಬಹಳ ಕಡಿಮೆ.

ಇದರ ಘೋರ ರೂಪವನ್ನು ಜಗತ್ತು ಕಂಡದ್ದು ಬಂಗಾಳದಲ್ಲಿ. 1980ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮರೋಗ ತಜ್ಞ ಡಾ. ಕೆ. ಸಿ. ಸಹಾ ಅವರು ಹಳ್ಳಿಗಳಿಂದ ಬಂದ ರೋಗಿಗಳ ಅಂಗೈ, ಅಂಗಾಲುಗಳ ಗಂಟುಗಳನ್ನೂ ಮೈಮೇಲಿನ ಕಪ್ಪು ಚುಕ್ಕೆಗಳನ್ನೂ ನೋಡಿ, ಇದು ಆರ್ಸೆನಿಕ್ ವಿಷವೆಂದು ಗುರುತಿಸಿದರು. ಕಾಲರಾ, ಭೇದಿಗಳಿಂದ ಜನರನ್ನು ಉಳಿಸಲೆಂದು ತೋಡಿದ ಕೊಳವೆಬಾವಿಗಳ ನೀರಿನಲ್ಲಿಯೇ ಆ ವಿಷ ಇತ್ತು. ನೆರೆಯ ಬಾಂಗ್ಲಾದೇಶದ ಸ್ಥಿತಿಯನ್ನು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯೊಂದರ ಲೇಖನ ಚರಿತ್ರೆಯಲ್ಲಿಯೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಬಣ್ಣಿಸಿತು. ಬೇಸಿಗೆ ಭತ್ತಕ್ಕೆ ಅದೇ ನೀರನ್ನು ಹಾಯಿಸಿದ್ದರಿಂದ ವಿಷವು ಮಣ್ಣಿಗೆ, ಅಲ್ಲಿಂದ ಅನ್ನಕ್ಕೆ ಇಳಿಯಿತು.

ಹಾಗೆಂದು ಇದು ಬಡ ದೇಶಗಳ ಕಥೆ ಮಾತ್ರವಲ್ಲ. ಅಮೆರಿಕದ ಆರ್ಕನ್ಸಾ, ಲೂಯಿಸಿಯಾನಾ, ಟೆಕ್ಸಸ್ ರಾಜ್ಯಗಳ ಎಷ್ಟೋ ಭತ್ತದ ಗದ್ದೆಗಳು ಹಿಂದೆ ಹತ್ತಿಯ ಹೊಲಗಳಾಗಿದ್ದವು. ಹತ್ತಿಯ ಕೀಟಗಳಿಗೆಂದು ಸಿಂಪಡಿಸಿದ ಆರ್ಸೆನಿಕ್ ಇಂದಿಗೂ ಆ ಮಣ್ಣಿನಲ್ಲಿದೆ. ಅಲ್ಲಿನ ‘ಕನ್ಸ್ಯೂಮರ್ ರಿಪೋರ್ಟ್ಸ್’ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಭಾರತ, ಪಾಕಿಸ್ತಾನ ಮತ್ತು ಕ್ಯಾಲಿಫೋರ್ನಿಯಾದ ಬಿಳಿ ಬಾಸ್ಮತಿಯಲ್ಲಿ ಉಳಿದ ಬಹುತೇಕ ಅಕ್ಕಿಗಳ ಅರ್ಧದಷ್ಟು ಮಾತ್ರ ನಿರವಯವ ಆರ್ಸೆನಿಕ್ ಕಂಡುಬಂತು. ನಿರವಯವ ರೂಪವೇ ಹೆಚ್ಚು ಅಪಾಯಕಾರಿ. ದೀರ್ಘಕಾಲ ದೇಹ ಸೇರಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿಗೆ ಕಾರಣವಾಗುವಂಥದು.

‘ಹಾಗಾದರೆ ಗದ್ದೆಯಲ್ಲಿ ನೀರು ನಿಲ್ಲಿಸುವುದನ್ನೇ ಬಿಟ್ಟರಾಯಿತಲ್ಲ’ ಎಂದು ರೈತಾಪಿ ಮನೆತನದ ಗೆಳೆಯರು ಕೇಳುವುದುಂಟು. ನೀರನ್ನು ಆಗಾಗ ಒಣಗಿಸಿ ಮತ್ತೆ ಕಟ್ಟುವ ಪದ್ಧತಿಯನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿದೆ. ಅದರಿಂದ ನೀರೂ ಉಳಿಯುತ್ತದೆ, ಆರ್ಸೆನಿಕ್ ಕೂಡ ಇಳಿಯುತ್ತದೆ. ಆದರೆ ಮಣ್ಣು ಒಣಗಿದಾಗ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹ ಸಡಿಲಗೊಂಡು ಕಾಳಿಗೆ ಏರುತ್ತದೆ. ಉಷ್ಣವಲಯದ ಆಮ್ಲೀಯ ಮಣ್ಣುಗಳಲ್ಲಿ ಇನ್ನೂ ಸುಲಭವಾಗಿ. ಜಪಾನಿನ ಜಿಂಝು ನದಿಯ ತೀರದಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ನೀರು ಗದ್ದೆಗೆ ಹರಿದು, ಆ ಅಕ್ಕಿಯನ್ನು ಉಂಡವರಲ್ಲಿ, ಅದರಲ್ಲಿಯೂ ಹಲವು ಮಕ್ಕಳನ್ನು ಹೆತ್ತ ತಾಯಂದಿರಲ್ಲಿ, ಮೂತ್ರಪಿಂಡ ಕೆಟ್ಟು ಮೂಳೆಗಳು ಮುರಿದವು. ನೋವಿನ ಚೀತ್ಕಾರದಿಂದಲೇ ‘ಇತಾಯ್ ಇತಾಯ್’ ಎಂಬ ಹೆಸರು ಪಡೆದ ಆ ರೋಗಕ್ಕೆ ಕ್ಯಾಡ್ಮಿಯಂ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಆದುದರಿಂದ ಗದ್ದೆಯ ನೀರನ್ನು ಎಷ್ಟು ಒಣಗಿಸಬೇಕೆಂಬುದು ಆಯಾ ಮಣ್ಣನ್ನು ಪರೀಕ್ಷಿಸಿಯೇ ನಿರ್ಧರಿಸಬೇಕಾದ ಸಂಗತಿ.

ಇನ್ನು ಕಾನೂನು. ಪಾಲಿಶ್ ಮಾಡಿದ ಅಕ್ಕಿಯ ಒಂದು ಕಿಲೋದಲ್ಲಿ ನಿರವಯವ ಆರ್ಸೆನಿಕ್ 200 ಮೈಕ್ರೋಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗ 2014ರಲ್ಲಿ ಗೊತ್ತುಪಡಿಸಿತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಬಿಳಿ ಅಕ್ಕಿಗೆ ಅದನ್ನು 150ಕ್ಕೆ ಇಳಿಸಿತು. ಆದರೆ ಈ ಮಿತಿ ಒಂದು ಕಿಲೋ ಅಕ್ಕಿಗೆ ಸಂಬಂಧಿಸಿದ್ದು. ನಾವು ದಿನಕ್ಕೆಷ್ಟು ಉಣ್ಣುತ್ತೇವೆಂಬುದು ಅದಕ್ಕೆ ತಿಳಿಯದು. 200ರ ಮಿತಿಯಲ್ಲಿಯೇ ಇರುವ ಅಕ್ಕಿಯನ್ನು ದಿನಕ್ಕೆ 50 ಗ್ರಾಂ ಬೇಯಿಸಿಕೊಳ್ಳುವವನಿಗೆ ಸೇರುವುದು 10 ಮೈಕ್ರೋಗ್ರಾಂ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಸಾರನ್ನ, ರಾತ್ರಿ ಮೊಸರನ್ನವೆಂದು 250 ಗ್ರಾಂ ಬಳಸುವ ನಮ್ಮವರಿಗೆ 50 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಅಂಥ ನೀರನ್ನು ದಿನಕ್ಕೆ ಐದು ಲೀಟರ್ ಕುಡಿದ ಲೆಕ್ಕ! ಅಂಗಡಿಯ ಅಕ್ಕಿ ಸಾಮಾನ್ಯವಾಗಿ ಮಿತಿಗಿಂತ ಕೆಳಗೇ ಇರುತ್ತದೆ, ದಿಗಿಲು ಬೇಡ. ಆದರೂ ಅನ್ನವೇ ಮುಖ್ಯ ಆಹಾರವಾಗಿರುವ ಮನೆಯವರು ಈ ಲೆಕ್ಕವನ್ನು ಅರಿತಿರಬೇಕು.

ಯುಗಾದಿಯ ಕೂಟವೊಂದರಲ್ಲಿ ತರುಣ ತಾಯಿಯೊಬ್ಬರು ಎರಡು ವರ್ಷದ ಮಗುವಿನ ಊಟದ ಪಟ್ಟಿ ಹೇಳಿದರು. ಬೆಳಗ್ಗೆ ಅಕ್ಕಿಯ ಸಿರಿಧಾನ್ಯವೆಂದು ಮಾರುವ ಪುಡಿಯ ಗಂಜಿ, ನಡುವೆ ರೈಸ್ ಕೇಕ್, ಎರಡು ಹೊತ್ತು ಅನ್ನ. ಹಸುವಿನ ಹಾಲು ಒಗ್ಗದೆಂದು ಅದರ ಬದಲಿಗೆ ರೈಸ್ ಡ್ರಿಂಕ್. ಐದು ವರ್ಷದೊಳಗಿನ ಮಕ್ಕಳಿಗೆ ಹಾಲಿನ ಬದಲು ರೈಸ್ ಡ್ರಿಂಕ್ ಕೊಡಬಾರದೆಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸ್ಪಷ್ಟ ಸಲಹೆ. ಪುಟ್ಟ ದೇಹದ ತೂಕಕ್ಕೆ ಹೋಲಿಸಿದರೆ ಆರ್ಸೆನಿಕ್‌ನ ಪಾಲು ದೊಡ್ಡದಾಗುತ್ತದೆ. ಪಕ್ಕದಲ್ಲಿದ್ದ, ಹಾಸನದ ಕಡೆಯಿಂದ ಬಂದಿದ್ದ ಅಜ್ಜಿ ಒಪ್ಪಲಿಲ್ಲ. ‘ನಾವೆಲ್ಲ ಅನ್ನ ತಿಂದೇ ಬೆಳೆದೋರಲ್ವೇ ಡಾಕ್ಟ್ರೇ?’ ಎಂದರು. ‘ಹೌದಮ್ಮ, ಆದರೆ ನೀವು ರಾಗಿಯನ್ನೂ ತಿಂದಿರಿ, ಹುರುಳಿ, ಅವರೆಯನ್ನೂ ತಿಂದಿರಿ. ಈ ಮಗುವಿಗೆ ಐದು ಹೊತ್ತೂ ಅಕ್ಕಿಯೇ’ ಎಂದೆ. ಆಕೆ ಸ್ವಲ್ಪ ಯೋಚಿಸಿ, ‘ಹಾಗಾದ್ರೆ ರಾಗಿ ಸರಿ ಮಾಡಿಕೊಡ್ತೀನಿ’ ಎಂದರು. ಹಾಲಿನ ವಿಷಯಕ್ಕೆ ಆಹಾರತಜ್ಞರನ್ನು ಕಂಡು, ಕ್ಯಾಲ್ಸಿಯಂ ಸೇರಿಸಿದ ಬೇರೆ ಪಾನೀಯ ಗೊತ್ತುಮಾಡಿಕೊಳ್ಳುವಂತೆ ತಾಯಿಗೆ ಹೇಳಿದೆ.

ಅಡುಗೆಯ ಕ್ರಮವೂ ಮುಖ್ಯ. ಕುಕ್ಕರಿನಲ್ಲಿ ನೀರೆಲ್ಲ ಇಂಗುವಂತೆ ಬೇಯಿಸಿದರೆ ಅಕ್ಕಿಯ ಆರ್ಸೆನಿಕ್ ಅನ್ನದಲ್ಲಿಯೇ ಉಳಿಯುತ್ತದೆ. ತೊಳೆಯುವುದರಿಂದಷ್ಟೇ ಹೆಚ್ಚು ಪ್ರಯೋಜನವಿಲ್ಲ. ಒಂದು ಪಾಲು ಅಕ್ಕಿಗೆ ಆರರಿಂದ ಹತ್ತು ಪಾಲು ನೀರಿಟ್ಟು, ಬೆಂದ ಮೇಲೆ ತಿಳಿಯನ್ನು ಬಸಿದರೆ ನಿರವಯವ ಆರ್ಸೆನಿಕ್ 40ರಿಂದ 60 ಪ್ರತಿಶತ ಇಳಿಯುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ದಕ್ಷಿಣ ಕನ್ನಡ, ಉಡುಪಿಗಳ ಮನೆಗಳಲ್ಲಿ ಕುಚ್ಚಲಕ್ಕಿಯನ್ನು ಬೇಯಿಸಿ ಬಸಿಯುವ ಕ್ರಮ ಇದೇ ಅಲ್ಲವೇ! ಬಸಿಯುವಾಗ ಬಿ ಗುಂಪಿನ ಜೀವಸತ್ವಗಳೂ ಹರಿದುಹೋಗುತ್ತವೆ ಎಂಬುದು ನಿಜ. ಅದಕ್ಕೆ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಮಧ್ಯದ ದಾರಿಯೊಂದನ್ನು ಸೂಚಿಸಿದರು: ಕುದಿಯುವ ನೀರಿನಲ್ಲಿ ಅಕ್ಕಿಯನ್ನು ಐದು ನಿಮಿಷ ಬೇಯಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಇಂಗಿಸುವುದು. ಬಿಳಿ ಅಕ್ಕಿಯಲ್ಲಿ ಸುಮಾರು 74 ಪ್ರತಿಶತ, ಬ್ರೌನ್ ರೈಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆರ್ಸೆನಿಕ್ ಹೋಯಿತು. ಮಧುಮೇಹಕ್ಕೆ ಒಳ್ಳೆಯದೆಂದು ಬ್ರೌನ್ ರೈಸ್‌ಗೆ ಬದಲಾಯಿಸಿದವರು ನೆನಪಿಡಬೇಕಾದ್ದು, ಆರ್ಸೆನಿಕ್ ಹೆಚ್ಚಾಗಿ ಸೇರುವುದು ತೌಡಿನ ಪದರದಲ್ಲಿ. ಬೇಯಿಸುವ ನೀರೇ ಕಲುಷಿತವಾಗಿದ್ದರೆ ಮಾತ್ರ ಈ ಉಪಾಯ ತಿರುಗುಬಾಣ. ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್ ಮತ್ತು ಅದರಿಂದಾದ ಚರ್ಮದ ಗಾಯಗಳನ್ನು ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದ್ದಾರೆ. ಅಂಥಲ್ಲಿ ಮೊದಲು ಬೇಕಾದುದು ಶುದ್ಧ ನೀರು.

ಕೊನೆಯ ಮಾತು ಪೋಷಕಾಂಶಗಳದು. 1966ರಲ್ಲಿ ಪಂತನಗರದ ವೈ. ಎಲ್. ನೆನೆ ಅವರು ತರಾಯಿ ಪ್ರದೇಶದ ಭತ್ತದ ‘ಖೈರಾ’ ರೋಗಕ್ಕೆ ಮಣ್ಣಿನಲ್ಲಿ ಸತುವಿನ ಕೊರತೆಯೇ ಕಾರಣವೆಂದು ಕಂಡುಹಿಡಿದರು. ಮಣ್ಣಿನಲ್ಲಿ ಒಳ್ಳೆಯದು ಕಡಿಮೆಯಾದರೆ ಸಸ್ಯ ನರಳುವಂತೆಯೇ ಮನುಷ್ಯನೂ ನರಳುತ್ತಾನೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಅದನ್ನು ಹುಡುಕುತ್ತ ಕ್ಯಾಡ್ಮಿಯಂ ಅನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಸೀಸವನ್ನು. ಹೀಗೆ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ರಕ್ತಹೀನತೆಯನ್ನು ‘ಹೆಂಗಸರಿಗೆ ಇದ್ದದ್ದೇ’ ಎಂದು ತಳ್ಳಿಹಾಕುವವರಿಗೆ ನಾನು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ.

ಬರಲಿರುವವರು ಪೆಟ್ಟಿಗೆಯಲ್ಲಿ ಅಕ್ಕಿ ಹೊತ್ತು ತರಬೇಕಾಗಿಲ್ಲ. ಇಲ್ಲಿ ಬಿಳಿ ಬಾಸ್ಮತಿ ಸಿಗುತ್ತದೆ. ಅದನ್ನು ಬಸಿದು ಉಣ್ಣಿ. ದಿನದ ಒಂದು ಹೊತ್ತನ್ನಾದರೂ ರಾಗಿಗೋ ಜೋಳಕ್ಕೋ ಗೋಧಿಗೋ ಬಿಟ್ಟುಕೊಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ ಬಳಸಿದರೆ ಅದರ ಸತ್ವ ಇನ್ನೂ ಚೆನ್ನಾಗಿ ದೇಹಕ್ಕೆ ದಕ್ಕುತ್ತದೆ. ಮಗುವಿಗೆ ಬಗೆಬಗೆಯ ಧಾನ್ಯಗಳ ರುಚಿ ತೋರಿಸಿ. ಊರಿನಲ್ಲಿರುವವರು ವರ್ಷಕ್ಕೊಮ್ಮೆ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ನೋಡಿಸಿ. ಅನ್ನ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ನಾನೂ ದಿನಕ್ಕೊಂದು ಹೊತ್ತು ಅದನ್ನೇ ಉಣ್ಣುತ್ತೇನೆ, ಬಸಿದು.