ಹಳೆ ಪೆಟ್ಟಿಗೆಯೊಳಗೆ ಅಪ್ಪನ ದನಿ

ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಹಳೆ ಕಂಪ್ಯೂಟರ್ ಸುಲಭಕ್ಕೆ ಗುಜರಿ ಸೇರುವುದಿಲ್ಲ. ಎರಡು ಹಾರ್ಡ್ ಡಿಸ್ಕ್ ಜೋಡಿಸಿ, ಉಚಿತ ತಂತ್ರಾಂಶ ಹಾಕಿ, ರೂಟರಿಗೆ ಒಂದು ತಂತಿ ಎಳೆದರೆ ಅದೇ ಮನೆಮಂದಿಯ ಫೋಟೊ, ವಿಡಿಯೊಗಳ ಕಣಜ. ‘ನಾಸ್’ ಎಂದು ಕರೆಯುವ ಈ ಪೆಟ್ಟಿಗೆ ಕ್ಲೌಡ್‌ನಂತೆ ತಿಂಗಳ ಬಾಡಿಗೆ ಕೇಳುವುದಿಲ್ಲ. ಆದರೆ ಇದಕ್ಕೂ ಆಯಸ್ಸಿದೆ. ಎಷ್ಟೋ ಸಲ ಯಂತ್ರ ಕೆಡುವ ಮೊದಲೇ ತಂತ್ರಾಂಶ ಅದರ ಕೈಬಿಟ್ಟಿರುತ್ತದೆ.

ಪುಣೆಯಲ್ಲಿರುವ ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಅವರ ದಿವಂಗತ ತಂದೆ ಹಾಡಿದ ತತ್ವಪದಗಳ ಧ್ವನಿಮುದ್ರಣ ಇದ್ದದ್ದು ಹಳೆಯ 32 ಬಿಟ್ ಯಂತ್ರವೊಂದರಲ್ಲಿ ಮಾತ್ರ. ಹೊಸ ಲ್ಯಾಪ್‌ಟಾಪ್ ತಂದ ದಿನ ಆ ಪೆಟ್ಟಿಗೆ ಕಾಣಿಸಲೇ ಇಲ್ಲ. ‘ಡಿಸ್ಕ್ ಹೋಯ್ತೇನ್ರಿ?’ ಎಂದು ಗಾಬರಿಯಾಗಿ ಫೋನ್ ಮಾಡಿದರು.

ಡಿಸ್ಕ್ ಚೆನ್ನಾಗಿಯೇ ಇತ್ತು. ಭಾಷೆ ಹೊಂದುತ್ತಿರಲಿಲ್ಲ, ಅಷ್ಟೆ. ಪೆಟ್ಟಿಗೆಗೆ ಗೊತ್ತಿದ್ದದ್ದು ಕಡತ ಹಂಚಿಕೆಯ ಹಳೆಯ ಎಸ್‌ಎಂಬಿ 1 ವಿಧಾನ ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವನ್ನಾಕ್ರೈ ದಾಳಿ ಹಬ್ಬಿದ್ದು ಇದರ ಬಿರುಕಿನಿಂದಲೇ. ಹೀಗಾಗಿ ಹೊಸ ಕಂಪ್ಯೂಟರ್‌ಗಳಲ್ಲಿ ಅದನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ಅದನ್ನು ಮತ್ತೆ ತೆರೆದಿಟ್ಟುಕೊಳ್ಳುವುದು ಕ್ಷೇಮವಲ್ಲ. ನಾವು ಇಂಟರ್ನೆಟ್ ತಂತಿ ಕಿತ್ತು, ಪೆಟ್ಟಿಗೆಯಲ್ಲೇ ಇದ್ದ ಎಫ್‌ಟಿಪಿ ಸೌಲಭ್ಯದಿಂದ ಕಡತಗಳನ್ನು ಇಳಿಸಿಕೊಂಡೆವು. ಅದರ ನೆಟ್‌ವರ್ಕ್ ಕಾರ್ಡ್ 100 ಎಂಬಿಪಿಎಸ್‌ನದು, ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿ. 600 ಜಿಬಿ ಇಳಿಯಲು ರಾತ್ರಿ ಪೂರ್ತಿ ಬೇಕಾಯಿತು. ಗಿಗಾಬಿಟ್ ಕಾರ್ಡ್ ಇದ್ದಿದ್ದರೆ ಎರಡು ತಾಸಿನೊಳಗೆ ಮುಗಿಯುತ್ತಿತ್ತು.

ತಂತ್ರಾಂಶ ಬರೆಯುವವರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. 2005ರಲ್ಲಿ ಶುರುವಾದ ಫ್ರೀನಾಸ್ ಮೊದಮೊದಲು ಹಳೆ ಯಂತ್ರಗಳ ಗೆಳೆಯನಾಗಿತ್ತು. 2014ರ ಕೊನೆಯಲ್ಲಿ ಬಂದ 9.3ನೇ ಆವೃತ್ತಿ 32 ಬಿಟ್ ಯಂತ್ರಗಳನ್ನು ಬಿಟ್ಟಿತು. ಕಾರಣ, ಅದು ನೆಚ್ಚಿಕೊಂಡ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆ. ಡಿಸ್ಕಿನಲ್ಲಿ ಸದ್ದಿಲ್ಲದೆ ಹಾಳಾದ ಮಾಹಿತಿಯನ್ನೂ ಅದು ಪತ್ತೆ ಹಚ್ಚುತ್ತದೆ, ಆದರೆ ಧಾರಾಳ ಮೆಮೊರಿ ಬೇಡುತ್ತದೆ. ಇಂದು ಟ್ರೂನಾಸ್ ಎಂಬ ಹೆಸರಿನ ಆ ತಂತ್ರಾಂಶಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಡೆಬಿಯನ್ ಮೇಲೆ ನಿಂತ ಓಪನ್‌ಮೀಡಿಯಾವಾಲ್ಟ್‌ಗೆ 1 ಜಿಬಿ ಸಾಕು. ಆದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಆ ಬಾಗಿಲೂ ಮುಚ್ಚಿದಂತಾಯಿತು.

ಹಾಗೆಂದು ಹೊಸದನ್ನೇ ಕೊಳ್ಳಬೇಕಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ವಿಂಡೋಸ್ 11 ಒಪ್ಪದ ಎಷ್ಟೋ ಪಿಸಿಗಳು ಮೂಲೆ ಸೇರಿವೆ. ಅವುಗಳಲ್ಲಿ ಹೆಚ್ಚಿನವು 64 ಬಿಟ್‌ನವು. 8 ಜಿಬಿ ರ‍್ಯಾಮ್, ಗಿಗಾಬಿಟ್ ಕಾರ್ಡ್ ಇದ್ದರೆ ಮನೆಯ ಕಣಜಕ್ಕೆ ಬೇಕಾದಷ್ಟಾಯಿತು. ಕರೆಂಟ್ ಬಿಲ್ ಮಾತ್ರ ಲೆಕ್ಕ ಹಾಕಿ. 60 ವ್ಯಾಟ್ ಎಳೆಯುವ ಪಿಸಿ ದಿನವಿಡೀ ನಡೆದರೆ ತಿಂಗಳಿಗೆ 43 ಯೂನಿಟ್, 10 ವ್ಯಾಟಿನ ಪುಟ್ಟ ಯಂತ್ರಕ್ಕೆ ಏಳು ಯೂನಿಟ್.

ಗೆಳೆಯರು ಕೇಳಿದಾಗ ನಾನು ಹೇಳುವುದಿಷ್ಟೆ: ವೇಗ ನೋಡುವ ಮೊದಲು ನಿಮ್ಮ ಯಂತ್ರಕ್ಕೆ ಇನ್ನೆಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂದು ನೋಡಿ. ಪೆಟ್ಟಿಗೆ ಕೆಟ್ಟರೆ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ಓದಬಹುದೇ ಎಂದು ಮೊದಲೇ ತಿಳಿದುಕೊಳ್ಳಿ. ಇಎಕ್ಸ್‌ಟಿ 4 ಡಿಸ್ಕನ್ನು ಯಾವ ಲಿನಕ್ಸ್ ಕಂಪ್ಯೂಟರ್ ಬೇಕಾದರೂ ಓದುತ್ತದೆ. ಜೆಡ್‌ಎಫ್‌ಎಸ್ ಪೂಲನ್ನು ಒಮ್ಮೆ ಅಪ್‌ಗ್ರೇಡ್ ಮಾಡಿ ಅದರ ಹೊಸ ಸೌಲಭ್ಯ ಬಳಸತೊಡಗಿದರೆ ಹಳೆ ಆವೃತ್ತಿಗೆ ಮರಳುವ ದಾರಿ ಮುಚ್ಚಬಹುದು. ಎರಡು ಡಿಸ್ಕ್ ಜೋಡಿಸಿದ ಮಾತ್ರಕ್ಕೆ ಬ್ಯಾಕಪ್ ಆಯಿತು ಎಂದುಕೊಳ್ಳಬೇಡಿ. ತಪ್ಪಿ ಅಳಿಸಿದ ಕಡತ ಎರಡರಿಂದಲೂ ಒಟ್ಟಿಗೇ ಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೊರಟಾಗ ಚೀಲದಲ್ಲಿ ಒಂದು ಪ್ರತಿ ಇರಲಿ. ಗೆಳೆಯರ ತಂದೆಯ ಹಾಡುಗಳ ಒಂದು ಪ್ರತಿ ಈಗ ಧಾರವಾಡದಲ್ಲಿ ಅವರ ಅಕ್ಕನ ಬಳಿ ಇದೆ.

ಕೊನೆಯದಾಗಿ ಖರ್ಚಿಲ್ಲದ ಒಂದು ಕೆಲಸ. ತಂತ್ರಾಂಶದ ಹೆಸರು, ಆವೃತ್ತಿ, ಡಿಸ್ಕ್ ಓದುವ ಬಗೆಯನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಪೆಟ್ಟಿಗೆಗೆ ಅಂಟಿಸಿ. ಪಾಸ್‌ವರ್ಡ್ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ನೀವಿಲ್ಲದ ದಿನವೂ ಆ ಕಣಜದ ಬಾಗಿಲು ತೆರೆಯಬೇಕಲ್ಲ.