ಹರಾಜಿನ ಕಟ್ಟಕಡೆಯ ಹೆಸರು

ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯಲ್ಲಿ ನಮ್ಮ ಹಿರಿಯರು ಹುತುತು ಎಂದು ಕರೆಯುತ್ತಿದ್ದ ಆಟವು ಈಗ ಕಬಡ್ಡಿಯೆಂಬ ಹೆಸರಿನಿಂದ ದೊಡ್ಡದೊಂದು ವ್ಯಾಪಾರವಾಗಿ ನಿಂತಿದೆ. ಸುಗ್ಗಿ ತೀರಿದ ಮೇಲೆ ಊರ ಜಾತ್ರೆಯ ಸಡಗರದಲ್ಲಿ ಮಣ್ಣಿನ ಅಂಗಳದ ಮೇಲೆ ಗೆರೆ ಎಳೆದು ಆಡುತ್ತಿದ್ದ ಆಟಕ್ಕೆ ೨೦೧೪ನೆಯ ಇಸವಿಯಲ್ಲಿ ಪ್ರೊ ಕಬಡ್ಡಿ ಲೀಗು ಹುಟ್ಟಿದಂದಿನಿಂದ ಹರಾಜಿನ ಕಟ್ಟೆಯೊಂದು ಒದಗಿದೆ. ಕೋಟಿಗೆ ಮಾರಿದವನ ಹೆಸರು ಮರುದಿನ ಎಲ್ಲರ ಬಾಯಲ್ಲಿರುತ್ತದೆ. ಆದರೆ ಹರಾಜಿನ ಕಟ್ಟಕಡೆಯ ಗಳಿಗೆಯಲ್ಲಿ, ಥೈಲಿಯ ತಳ ಕಾಣುತ್ತಿರುವಾಗ, ಕನಿಷ್ಠ ಬೆಲೆಗೆ ಹೆಕ್ಕಿಕೊಂಡ ಹುಡುಗನ ಹೆಸರನ್ನು ಕೇಳುವವರು ಯಾರು? ತಂಡವೊಂದರ ಬುದ್ಧಿವಂತಿಕೆಯನ್ನು ಅಳೆಯತಕ್ಕ ಗಳಿಗೆ ಅದೇ ಎಂಬುದು ನಮ್ಮ ಮತ.

ಈ ಮಾತು ಕಬಡ್ಡಿಗಷ್ಟೇ ಸಲ್ಲುವುದಲ್ಲ. ಅಮೇರಿಕದ ಬಾಸ್ಕೆಟ್‌ಬಾಲ್ ಸಂಘಗಳು ಹೊಸ ಆಟಗಾರರನ್ನು ಕೊಳ್ಳುವುದು ಹರಾಜಿನಿಂದಲ್ಲ, ಸರದಿಯ ಆಯ್ಕೆಯಿಂದ. ೨೦೧೪ರ ಸರದಿಯಲ್ಲಿ ಡೆನ್ವರ್ ನಗರದ ತಂಡವು ನಿಕೋಲಾ ಯೋಕಿಚ್ ಎಂಬ ಸರ್ಬಿಯದ ತರುಣನನ್ನು ೪೧ನೆಯವನಾಗಿ ಆರಿಸಿತು. ಅವನಿಗಿಂತ ಮೊದಲು ನಾಲ್ವತ್ತು ಮಂದಿ ಆಯ್ಕೆಯಾಗಿ ಹೋಗಿದ್ದರು. ಆತನೇ ೨೦೨೩ರಲ್ಲಿ ಆ ತಂಡಕ್ಕೆ ಅದರ ಮೊದಲನೆಯ ಪ್ರಶಸ್ತಿಯನ್ನು ಗಳಿಸಿಕೊಟ್ಟನು. ಮರುವರ್ಷ, ೨೦೧೫ರಲ್ಲಿ, ಪಂಜಾಬದ ಹಳ್ಳಿಯ ಹುಡುಗ ಸತ್ನಾಮ್ ಸಿಂಗನನ್ನು ಡಲ್ಲಾಸ್ ತಂಡವು ೫೨ನೆಯವನಾಗಿ ಆರಿಸಿದಾಗ ನಮ್ಮ ದೇಶವೆಲ್ಲ ಹಿಗ್ಗಿತು. ಆದರೆ ಆ ಲೀಗಿನ ಮುಖ್ಯ ಪಂದ್ಯವೊಂದರಲ್ಲಿಯೂ ಅವನಿಗೆ ಅಂಗಳಕ್ಕಿಳಿಯುವ ಯೋಗ ಬರಲಿಲ್ಲ. ಕೊನೆಯ ಸಾಲಿನ ಆಯ್ಕೆಯೆಂದರೆ ಬಿತ್ತನೆಯೇ ಹೊರತು ಬೆಳೆಯಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ಬಲ್ಲ ನಮ್ಮ ಸೀಮೆಯ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಬಡ್ಡಿಯ ಲೆಕ್ಕವನ್ನು ನೋಡೋಣ. ಇತ್ತೀಚಿನ ಹರಾಜುಗಳಲ್ಲಿ ಒಂದೊಂದು ತಂಡದ ಥೈಲಿ ೫ ಕೋಟಿ ರೂಪಾಯಿ. ಅದರಲ್ಲಿ ಹದಿನೆಂಟು ಮಂದಿಯನ್ನಾದರೂ ಕೂಡಿಸಬೇಕು. ಆಟಗಾರರಲ್ಲಿ ನಾಲ್ಕು ವರ್ಗ; ಆರಂಭದ ಬೆಲೆ ಕ್ರಮವಾಗಿ ೩೦, ೨೦, ೧೩ ಮತ್ತು ೯ ಲಕ್ಷ. ಇವಲ್ಲದೆ ‘ಹೊಸ ತರುಣ ಆಟಗಾರ’ರೆಂಬ ಪಂಗಡವೊಂದುಂಟು. ಇವರನ್ನು ಗೊತ್ತುಪಡಿಸಿದ ಸಂಬಳದ ಕರಾರಿನ ಮೇಲೆ ಸೇರಿಸಿಕೊಂಡು, ಪಳಗಿಸಿ, ಮುಂದಿನ ಹಂಗಾಮಿಗೂ ಉಳಿಸಿಕೊಳ್ಳಬಹುದು. ಒಬ್ಬ ಪ್ರಸಿದ್ಧನಿಗೆ ಎರಡು ಕೋಟಿ ಸುರಿದ ತಂಡಕ್ಕೆ ಉಳಿದ ಹದಿನೇಳು ಮಂದಿಗೆ ಮೂರೇ ಕೋಟಿ. ೨೦೨೩ರಲ್ಲಿ ತೆಲುಗು ಟೈಟನ್ಸಿನವರು ಪವನ್ ಸೆಹ್ರಾವತನಿಗೆ ೨ ಕೋಟಿ ೬೦ ಲಕ್ಷದ ಮೇಲೆ ೫೦ ಸಾವಿರ ರೂಪಾಯಿ ಕೊಟ್ಟರು, ಎಂದರೆ ಅರ್ಧ ಥೈಲಿಗಿಂತ ಹೆಚ್ಚು. ಆ ಹಂಗಾಮಿನಲ್ಲಿ ಅವರು ಗೆದ್ದುದು ಎರಡೇ ಪಂದ್ಯ. ಸ್ಥಾನ ಹನ್ನೆರಡರಲ್ಲಿ ಹನ್ನೆರಡನೆಯದು.

ಅದೇ ವರ್ಷ ಪುಣೇರಿ ಪಲ್ಟನ್ ತಂಡವೂ ಇರಾಣದ ಶಾದ್ಲೂಯಿಗೆ ೨ ಕೋಟಿ ೩೫ ಲಕ್ಷ ಕೊಟ್ಟಿತು. ಆದರೂ ೨೦೨೪ರ ಮಾರ್ಚ್ ೧ರಂದು ಹೈದರಾಬಾದಿನಲ್ಲಿ ಹರಿಯಾಣದವರನ್ನು ೨೮-೨೫ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಒಂದೇ ಬಗೆಯ ದುಂದು ಒಬ್ಬರಿಗೆ ಶಾಪವಾಗಿ ಮತ್ತೊಬ್ಬರಿಗೆ ವರವಾದುದು ಹೇಗೆ? ಅಸ್ಲಂ ಇನಾಮದಾರ, ಮೋಹಿತ್ ಗೋಯತ್ ಮೊದಲಾದವರನ್ನು ಪುಣೆಯವರು ೨೦೨೧ರಲ್ಲಿಯೇ ಹೊಸ ತರುಣರ ಪಂಗಡದಿಂದ ಎತ್ತಿಕೊಂಡು ಬೆಳೆಸಿದ್ದರು. ತಂಡದ ತೊಲೆಕಂಬಗಳು ಅಗ್ಗದಲ್ಲಿ ನಿಂತಿದ್ದವು. ಆದುದರಿಂದ ಕಳಸವನ್ನು ಬೆಲೆ ಕೊಟ್ಟು ತರಲು ಸಾಧ್ಯವಾಯಿತು. ಟೈಟನ್ಸಿನವರು ಕಳಸವನ್ನು ಮೊದಲು ಕೊಂಡು ಆಮೇಲೆ ಗುಡಿಗೆ ಕಲ್ಲು ಹುಡುಕಹೋದರು. ಅಂದಿನ ಪುಣೇರಿ ತಂಡದ ಗುರುಗಳು ಕನ್ನಡಿಗರಾದ ಬಿ. ಸಿ. ರಮೇಶರು ಎಂಬುದನ್ನು ವಾಚಕರು ನೆನಪಿನಲ್ಲಿಡಲಿ.

ಇನ್ನು ನಮ್ಮ ರಾಜಧಾನಿಯ ಹೆಸರನ್ನು ಹೊತ್ತ ಬೆಂಗಳೂರು ಬುಲ್ಸ್ ತಂಡದ ಕಥೆ. ೨೦೧೫ರಲ್ಲಿ ಈ ತಂಡದಲ್ಲಿ ಪ್ರದೀಪ ನರ್ವಾಲನೆಂಬ ಮೀಸೆ ಚಿಗುರದ ಹುಡುಗನಿದ್ದನು. ಕೆಲವೇ ಪಂದ್ಯ ಆಡಿಸಿ ಅವನನ್ನು ಬಿಟ್ಟರು. ಪಟ್ನಾದವರು ಅವನನ್ನು ಕರೆದುಕೊಂಡು ಹೋಗಿ ಸಾಲಾಗಿ ಮೂರು ಪ್ರಶಸ್ತಿಗಳನ್ನು ಗೆದ್ದರು. ೨೦೧೭ರ ಹಂಗಾಮೊಂದರಲ್ಲಿಯೇ ಆತನು ದಾಳಿಯಿಂದ ತಂದ ಅಂಕಗಳು ೩೬೯! ಅದೇ ಪ್ರದೀಪನನ್ನು ಬುಲ್ಸಿನವರು ೨೦೨೪ರಲ್ಲಿ, ಅವನ ಕಾಲಿನ ಚುರುಕು ಇಳಿದ ಮೇಲೆ, ೭೦ ಲಕ್ಷಕ್ಕೆ ಕೊಂಡು ನಾಯಕನನ್ನಾಗಿ ಮಾಡಿದರು. ೨೦೨೧ರಲ್ಲಿ ೧ ಕೋಟಿ ೬೫ ಲಕ್ಷಕ್ಕೆ ಹೋಗಿದ್ದವನು ಇಷ್ಟು ಸೋವಿಯಾಗಿ ಸಿಕ್ಕನಲ್ಲಾ ಎಂದು ಅವರು ಹಿಗ್ಗಿರಬೇಕು. ಸೋವಿಯಲ್ಲಿ ಸಿಕ್ಕುದೆಲ್ಲ ಲಾಭವಲ್ಲ. ಅದೇ ವೇಳೆಗೆ ತಾವೇ ೨೦೨೧ರಲ್ಲಿ ಹೊಸ ತರುಣನಾಗಿ ತಂದು ಬೆಳೆಸಿದ್ದ, ಒಂದು ಹಂಗಾಮಿನಲ್ಲಿ ೨೭೯ ದಾಳಿ ಅಂಕ ಗಳಿಸಿದ್ದ ಭರತ್ ಹೂಡನನ್ನು ಅವರು ಕೈಬಿಟ್ಟಿದ್ದರು. ಉತ್ತರ ಪ್ರದೇಶದವರು ೧ ಕೋಟಿ ೩೦ ಲಕ್ಷ ಕೊಟ್ಟು ಅವನನ್ನು ಕೊಂಡರು. ಪರಿಣಾಮವೇನಾಯಿತು? ಇಪ್ಪತ್ತೆರಡು ಪಂದ್ಯಗಳಲ್ಲಿ ಬುಲ್ಸಿಗೆ ದೊರೆತುದು ಎರಡೇ ಗೆಲುವು, ಕಟ್ಟಕಡೆಯ ಸ್ಥಾನ. ಮರುವರ್ಷದ ಹರಾಜಿನಲ್ಲಿ ಪ್ರದೀಪನನ್ನು ಯಾರೂ ಕೇಳಲಿಲ್ಲ. ಅವನು ಆಟಕ್ಕೆ ವಿದಾಯ ಹೇಳಿದನು. ಇದೇ ಅಂಗಳದಲ್ಲಿ ೨೦೧೯ರಿಂದ ಹೊಸ ಹುಡುಗನಾಗಿ ಬೆಳೆದ ಸೌರಭ ನಾಂದಲನು ೨೦೨೫ರಲ್ಲಿ ದಿಲ್ಲಿಯ ತಂಡವನ್ನು ಸೇರಿದನು, ಆ ವರ್ಷದ ಪ್ರಶಸ್ತಿ ದಿಲ್ಲಿಯದಾಯಿತು. ಬಿತ್ತಿದವರು ಒಬ್ಬರು, ರಾಶಿ ಮಾಡಿದವರು ಮತ್ತೊಬ್ಬರು.

ಬುಲ್ಸಿನವರಿಗೆ ಕಣ್ಣೇ ಇಲ್ಲವೆಂದರೆ ಅನ್ಯಾಯವಾದೀತು. ಬಿಟ್ಟವನನ್ನು ಸಕಾಲದಲ್ಲಿ ಮರಳಿ ಕರೆದ ಉದಾಹರಣೆಯೂ ಅವರಲ್ಲುಂಟು. ಹಿಂದೆ ತಮ್ಮಲ್ಲಿಯೇ ಇದ್ದು ಗುಜರಾತಿಗೆ ಹೋಗಿ ಅಲ್ಲಿ ಮೂಲೆಗುಂಪಾಗಿದ್ದ ಪವನನನ್ನು ೨೦೧೮ರಲ್ಲಿ ೫೨ ಲಕ್ಷ ೮೦ ಸಾವಿರಕ್ಕೆ ಕೊಂಡರು. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಗುಜರಾತಿನ ಮೇಲೆಯೇ ೩೮-೩೩ರಿಂದ ಗೆದ್ದ ಅಂತಿಮ ಪಂದ್ಯದಲ್ಲಿ ೨೨ ಅಂಕಗಳು ಅವನೊಬ್ಬನವು. ಪವನನು ಏರುಹೊತ್ತಿನಲ್ಲಿ ದೊರೆತನು, ಪ್ರದೀಪನು ಇಳಿಹೊತ್ತಿನಲ್ಲಿ. ಇಬ್ಬರ ನಡುವಣ ಅಂತರ ಬೆಲೆಯದಲ್ಲ, ವಯಸ್ಸಿನದು.

೨೦೨೫ರಲ್ಲಿ ಬುಲ್ಸಿನವರು ಹಳೆಯ ತಂಡವನ್ನು ಬಹುಮಟ್ಟಿಗೆ ವಿಸರ್ಜಿಸಿ, ಮೇಲೆ ಹೇಳಿದ ರಮೇಶರನ್ನೇ ಗುರುಗಳನ್ನಾಗಿ ಕರೆತಂದರು. ಹೆಚ್ಚು ಹೆಸರಿಲ್ಲದ ಇರಾಣದ ಅಲಿರೇಜಾ ಮಿರ್ಜಾಯಿಯನ್ ದಾಳಿಯ ಮುಂದಾಳಾದನು. ಗಣೇಶ ಹನಮಂತಗೋಲನಂಥ ಕನ್ನಡದ ಹುಡುಗರಿಗೂ ಚಾಪೆಯ ಮೇಲೆ ಜಾಗ ಸಿಕ್ಕಿತು. ಹಿಂದಿನ ವರ್ಷ ತಳದಲ್ಲಿದ್ದ ತಂಡವು ನಿರ್ಣಾಯಕ ಸುತ್ತುಗಳನ್ನು ಮುಟ್ಟಿತು.

ಇದರಲ್ಲಿ ನಮ್ಮ ಮೂರು ತಾಲೂಕುಗಳ ಪಾಲೇನು? ಗಜೇಂದ್ರಗಡದ ನೇಕಾರನ ಮನೆಗಾಗಲಿ, ನರಗುಂದದಲ್ಲಿ ಕಾಲುವೆಯ ನೀರಿನ ದಾರಿ ಕಾಯುವ ರೈತನ ಮನೆಗಾಗಲಿ ಒಂಬತ್ತು ಲಕ್ಷವೆಂಬುದು ಹರಾಜಿನ ಕೊನೆಯ ಚಿಲ್ಲರೆಯಲ್ಲ. ಅದು ಸಾಲ ಹರಿಯುವ ಮೊತ್ತ. ಆ ಬಾಗಿಲು ಎಲ್ಲಿದೆಯೆಂಬುದನ್ನು ನಮ್ಮ ಹುಡುಗರಿಗೆ ಯಾರೂ ತೋರಿಸಿಲ್ಲ. ೨೦೨೩ ಮತ್ತು ೨೦೨೪ರ ಹರಾಜಿನ ಪಟ್ಟಿಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಅಂತಿಮ ಪಂದ್ಯ ಆಡಿದ ಎರಡು ತಂಡಗಳ ಇಪ್ಪತ್ನಾಲ್ಕು ಆಟಗಾರರಿಗೆ ನೇರವಾಗಿ ಸ್ಥಾನವಿತ್ತು. ಅಂದಮೇಲೆ ರೋಣದ ಕಾಲೇಜಿನ ಹುಡುಗನಿಗೆ ಹತ್ತಿರದ ದಾರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡದ ಮೂಲಕ ಹಾಯುತ್ತದೆ. ಆದರೆ ಲೀಗಿನ ಆಟ ನಡೆಯುವುದು ಬೂಟು ತೊಟ್ಟು, ಚಾಪೆಯ ಮೇಲೆ. ನಮ್ಮ ಹುಡುಗರು ಬಲ್ಲದ್ದು ಬರಿಗಾಲು ಮತ್ತು ಮಣ್ಣು. ಮಣ್ಣಿನಲ್ಲಿ ಕಲಿತ ಹಿಡಿತವು ಚಾಪೆಯ ಮೇಲೆ ಜಾರುತ್ತದೆ. ಹೆಜ್ಜೆಯ ಲೆಕ್ಕವೇ ಬದಲಾಗುತ್ತದೆ. ತಾಲೂಕಿಗೊಂದು ಚಾಪೆ ಬಂದರೆ ಅರ್ಧ ದಾರಿ ನಡೆದಂತೆ. ಗದಗಿನ ಸುನೀಲ ಜೋಶಿಯವರು ಕ್ರಿಕೆಟ್ಟಿನ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿಬರುತ್ತಿದ್ದು ೧೯೯೬ರಲ್ಲಿ ಭಾರತದ ಟೆಸ್ಟ್ ತಂಡವನ್ನು ಸೇರಿದರು. ನರಗುಂದಕ್ಕೂ ಗಜೇಂದ್ರಗಡಕ್ಕೂ ಇಂದಿಗೂ ರೈಲಿಲ್ಲ. ಹುಡುಗನೇ ಹೋಗಿ ಕಾಣಿಸಿಕೊಳ್ಳಲಿ ಎಂದು ಕುಳಿತರೆ ಆಗದು.

ಬುಲ್ಸಿನ ಒಡೆಯರು ಹರಿಯಾಣದ ಹಳ್ಳಿಗಳನ್ನು ಬಲ್ಲಷ್ಟು ನಮ್ಮ ಹಳ್ಳಿಗಳನ್ನೂ ಬಲ್ಲರೇ? ಹರಿಯಾಣದಲ್ಲಿ ಎಲ್ಲ ತಂಡಗಳ ಕಣ್ಣುಗಳೂ ನೆಟ್ಟಿರುವುದರಿಂದ ಅಲ್ಲಿ ಅಗ್ಗದ ಸರಕು ಉಳಿಯುವುದು ಕಷ್ಟ. ಯಾರೂ ನೋಡದಲ್ಲಿ ನೋಡಿದವನಿಗೇ ೪೧ನೆಯ ಸರದಿಯಲ್ಲಿ ಯೋಕಿಚ್ ಸಿಕ್ಕನು. ಮುಂದಿನ ಹಂಗಾಮಿನ ಹೊಸ ತರುಣರ ಪಟ್ಟಿಯನ್ನು ಮುಚ್ಚುವ ಮುನ್ನ ಅವರು ಬಲ್ಲವನೊಬ್ಬನನ್ನು ರೋಣದ ಜಾತ್ರೆಯ ಪಂದ್ಯಗಳಿಗೂ ಧಾರವಾಡದ ಅಂತರಕಾಲೇಜು ಪಂದ್ಯಗಳಿಗೂ ಕಳುಹಿಸಲಿ. ಬೆಂಗಳೂರಿನಿಂದ ಗದಗಿಗೆ ಒಂದು ರಾತ್ರಿಯ ಪ್ರಯಾಣ. ಅಲ್ಲಿಂದ ಮುಂದೆ ಬಸ್ಸುಗಳಿವೆ.