ಗೊಂಬೆಗಳ ದೇಶಾಟನೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಆದರೆ ದೇಶ ಸುತ್ತಲು ಕೈಯಲ್ಲಿ ಹಣವಿರಬೇಕು, ಕಾಲಲ್ಲಿ ಕಸುವಿರಬೇಕು, ಮನೆವಾರ್ತೆಯಿಂದ ಬಿಡುವಿರಬೇಕು. ಈ ಮೂರೂ ಒಬ್ಬರಲ್ಲಿಯೇ ಕೂಡಿ ಬರುವುದು ವಿರಳ. ಹೀಗೆ ಹೊರಡಲಾಗದವರ ಪರವಾಗಿ ಅಂಗೈಯಗಲದ ಗೊಂಬೆಯೊಂದು ಹೊರಟು, ಪರದೇಶದ ಒಂದು ಮನೆಯಲ್ಲಿ ಅತಿಥಿಯಾಗಿ ಇಳಿದು, ಆ ಮನೆಯವರೊಡನೆ ಊರು ನೋಡಿ, ಕಂಡುದನ್ನೆಲ್ಲ ಬರೆಯಿಸಿಕೊಂಡು ತನ್ನ ಒಡೆಯರ ಮನೆಗೆ ಹಿಂದಿರುಗುವ ಪದ್ಧತಿಯೊಂದು ಜಗತ್ತಿನ ಹಲವೆಡೆ ಬೆಳೆದು ಬಂದಿದೆ. ಮೊದಲ ಸಲ ಕೇಳಿದವರಿಗೆ ಇದು ಮಕ್ಕಳಾಟವೆಂದು ತೋರಬಹುದು. ಅದು ಮಕ್ಕಳಾಟವೇ ಹೌದು. ಆದರೆ ಮಕ್ಕಳಾಟದಲ್ಲಿ ದೊಡ್ಡವರು ಕಲಿಯಬೇಕಾದುದು ಎಷ್ಟೋ ಸಲ ಅಡಗಿರುತ್ತದೆ. ಮಕ್ಕಳು ಮೊಮ್ಮಕ್ಕಳು ಕಡಲಾಚೆ ನೆಲೆಸಿರುವ ಕುಟುಂಬಗಳು ನಮ್ಮ ಸಮಾಜದಲ್ಲಿ ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ವಿಷಯವನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಹಡಗನೇರಿದ ಸ್ನೇಹದೂತರು

ಗೊಂಬೆಗಳ ದೇಶಾಟನೆಯಲ್ಲಿ ಬಹು ದೊಡ್ಡದಾದುದು ೧೯೨೭ರಲ್ಲಿ ನಡೆಯಿತು. ಅದಕ್ಕೆ ಮೂರು ವರ್ಷ ಮೊದಲು, ೧೯೨೪ರಲ್ಲಿ, ಅಮೆರಿಕ ದೇಶವು ಜಪಾನೀಯರು ಅಲ್ಲಿಗೆ ವಲಸೆ ಬರುವುದನ್ನು ತಡೆಯುವ ಶಾಸನವನ್ನು ಮಾಡಿತ್ತು. ಎರಡು ದೇಶಗಳ ನಡುವೆ ಮನಸ್ತಾಪ ಬೆಳೆಯುತ್ತಿತ್ತು. ಬಹುಕಾಲ ಜಪಾನಿನಲ್ಲಿದ್ದು ಆ ಜನರನ್ನು ಬಲ್ಲವರಾಗಿದ್ದ ಸಿಡ್ನಿ ಗುಲಿಕ್ ಎಂಬ ಕ್ರೈಸ್ತ ಧರ್ಮೋಪದೇಶಕರು, ದೊಡ್ಡವರ ಮನಸ್ಸು ಕೆಟ್ಟರೂ ಮಕ್ಕಳ ಮನಸ್ಸು ಕೆಡಬಾರದೆಂದು ಬಗೆದು ಗೊಂಬೆಗಳನ್ನು ಕಳಿಸುವ ಉಪಾಯ ಹೂಡಿದರು. ಅಮೆರಿಕದ ಮಕ್ಕಳು, ತಾಯಂದಿರು, ಶಾಲೆಗಳು, ಸಂಘ ಸಂಸ್ಥೆಗಳು ಸೇರಿ ೧೨,೭೩೯ ಗೊಂಬೆಗಳನ್ನು ಹಡಗಿನಲ್ಲಿ ಕಳಿಸಿಕೊಟ್ಟರು. ಒಂದೊಂದು ಗೊಂಬೆಗೂ ಒಂದು ಹೆಸರು, ಒಂದು ಪಾಸ್‌ಪೋರ್ಟ್, ಜೊತೆಗೊಂದು ಸ್ನೇಹಪತ್ರ. ಜಪಾನಿನಲ್ಲಿ ಹೆಣ್ಣುಮಕ್ಕಳ ಗೊಂಬೆಹಬ್ಬವಾದ ಮಾರ್ಚ್ ೩ರ ಹೊತ್ತಿಗೆ ಅವು ತಲುಪಬೇಕೆಂಬುದು ಯೋಜನೆ. ಅಲ್ಲಿ ಶಿಬುಸಾವಾ ಎಯಿಚಿ ಎಂಬ ಹಿರಿಯ ಉದ್ಯಮಿಗಳು ಸ್ವಾಗತದ ಹೊಣೆ ಹೊತ್ತರು. ಶಾಲೆಶಾಲೆಗಳಿಗೆ ಈ ಗೊಂಬೆಗಳು ಹಂಚಿಹೋದವು. ಅದೇ ವರ್ಷ ಜಪಾನಿನ ಮಕ್ಕಳ ಪರವಾಗಿ, ರೇಷ್ಮೆಯ ಉಡುಪು ತೊಡಿಸಿದ ೫೮ ದೊಡ್ಡ ಗೊಂಬೆಗಳು ಅಮೆರಿಕಕ್ಕೆ ಮರುಭೇಟಿ ಕೊಟ್ಟವು.

ಮುಂದಿನ ಕಥೆ ದುಃಖದ್ದು. ೧೯೪೧ರಲ್ಲಿ ಎರಡು ದೇಶಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಅತಿಥಿಗಳಾಗಿ ಬಂದಿದ್ದ ನೀಲಿ ಕಣ್ಣಿನ ಗೊಂಬೆಗಳು ಶತ್ರುಗಳೆನಿಸಿದವು. ಅನೇಕ ಕಡೆ ಅವನ್ನು ಸುಟ್ಟರು, ಭರ್ಜಿಯಿಂದ ಇರಿದರು. ಆದರೆ ಕೆಲವು ಶಾಲೆಗಳ ಉಪಾಧ್ಯಾಯರು ಅವುಗಳನ್ನು ಅಟ್ಟದ ಮೇಲೆ, ಗೋಡೆಯ ಸಂದಿನಲ್ಲಿ, ಕಪಾಟುಗಳ ಹಿಂದೆ ಬಚ್ಚಿಟ್ಟು ಕಾಪಾಡಿದರು. ಹಾಗೆ ಉಳಿದವು ಸುಮಾರು ಮುನ್ನೂರು. ಪ್ರಭುತ್ವದ ಸಿಟ್ಟಿಗೆ ಹೆದರದೆ ಒಂದು ಗೊಂಬೆಯನ್ನು ಬಚ್ಚಿಟ್ಟ ಆ ಉಪಾಧ್ಯಾಯರನ್ನು ನೆನೆದಾಗ, ಮನೆಗೆ ಬಂದವರನ್ನು ಕಾಯುವ ಧರ್ಮ ಯಾವುದೋ ಒಂದು ನಾಡಿನ ಸೊತ್ತಲ್ಲವೆಂಬುದು ನಮಗೆ ಮನವರಿಕೆಯಾಗುತ್ತದೆ. ಅತಿಥಿಯ ಅಳತೆ ಚಿಕ್ಕದಾದ ಮಾತ್ರಕ್ಕೆ ಆತಿಥ್ಯದ ಅಳತೆ ಚಿಕ್ಕದಾಗಬೇಕಿಲ್ಲ.

ಲಕೋಟೆಯಲ್ಲಿ ಹೋದವನು, ಗಗನಕ್ಕೆ ಹಾರಿದವಳು

೧೯೬೪ರಲ್ಲಿ ಜೆಫ್ ಬ್ರೌನ್ ಎಂಬ ಅಮೆರಿಕದ ಲೇಖಕರು ಸ್ಟ್ಯಾನ್ಲಿ ಎಂಬ ಹುಡುಗನ ಕಥೆ ಬರೆದರು. ಹಲಗೆಯೊಂದು ಮೈಮೇಲೆ ಬಿದ್ದು ಕಾಗದದಂತೆ ಚಪ್ಪಟೆಯಾದ ಆ ಹುಡುಗ ಅಂಚೆ ಲಕೋಟೆಯಲ್ಲಿ ಕುಳಿತು ಗೆಳೆಯನ ಊರಿಗೆ ಹೋಗುತ್ತಾನೆ. ಈ ಕಥೆಯನ್ನು ಹಿಡಿದು ೧೯೯೫ರಲ್ಲಿ ಕೆನಡಾದ ಶಾಲಾ ಶಿಕ್ಷಕ ಡೇಲ್ ಹ್ಯೂಬರ್ಟ್ ಅವರು ಒಂದು ಪಾಠಕ್ರಮ ರೂಪಿಸಿದರು. ಮಕ್ಕಳು ಕಾಗದದ ಸ್ಟ್ಯಾನ್ಲಿಯನ್ನು ಕತ್ತರಿಸಿ, ಬಣ್ಣ ಹಚ್ಚಿ, ದೂರದ ಊರಿನವರಿಗೆ ಅಂಚೆಯಲ್ಲಿ ಕಳಿಸುವರು. ಅಲ್ಲಿಯವರು ಅವನನ್ನು ಕೆಲವು ದಿನ ಮನೆಯಲ್ಲಿರಿಸಿಕೊಂಡು, ಊರು ತೋರಿಸಿ, ದಿನಚರಿ ಬರೆದು ಹಿಂದಕ್ಕೆ ಕಳಿಸುವರು. ಕಾಗದ ಬರೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದೇ ಅದರ ಉದ್ದೇಶ. ನಾಲ್ಕು ಸಾಲು ಬರೆಯೆಂದರೆ ಮುಖ ಗಂಟಿಕ್ಕುವ ಮಗು, ತನ್ನ ಗೊಂಬೆ ಏನು ಕಂಡಿತೆಂದು ಬರೆಯೆಂದರೆ ಪುಟ ತುಂಬಿಸುವುದೆಂಬುದನ್ನು ಅನೇಕ ದೇಶಗಳ ಶಿಕ್ಷಕರು ಕಂಡುಕೊಂಡರು.

ಜಪಾನಿನಲ್ಲಿ ೨೦೧೦ರಲ್ಲಿ ಸೋನೋಯೆ ಅಜುಮಾ ಎಂಬ ಮಹಿಳೆ ಗೊಂಬೆಗಳಿಗಾಗಿಯೇ ಒಂದು ಪ್ರವಾಸ ಸಂಸ್ಥೆಯನ್ನು ತೆರೆದರು. ಜನ ತಮ್ಮ ಬಟ್ಟೆಗೊಂಬೆಗಳನ್ನು ಶುಲ್ಕದೊಡನೆ ಕಳಿಸುವರು. ಆಕೆ ಅವನ್ನು ಗುಡಿ, ತೋಟ, ಪೇಟೆಗಳಿಗೆ ಕರೆದೊಯ್ದು ಭಾವಚಿತ್ರ ತೆಗೆದು ಒಡೆಯರಿಗೆ ತೋರಿಸುವರು. ಇದೇನು ಹುಚ್ಚು ಎನ್ನುವ ಮುನ್ನ ಗೊಂಬೆ ಕಳಿಸಿದವರಲ್ಲಿ ಎಂಥವರಿದ್ದರೆಂಬುದನ್ನು ಗಮನಿಸಬೇಕು. ಕಾಯಿಲೆಯಿಂದ ಹಾಸಿಗೆ ಹಿಡಿದವರು, ನಡೆಯಲಾರದವರು, ಮನೆಯಿಂದ ಹೊರಬರಲು ಅಂಜುವವರು ಅವರಲ್ಲಿದ್ದರು. ತಮ್ಮ ಗೊಂಬೆ ಊರು ಸುತ್ತಿದ ಚಿತ್ರಗಳನ್ನು ಕಂಡು ತಾವೂ ಹೊರಗೆ ಹೆಜ್ಜೆಯಿಡುವ ಧೈರ್ಯ ತಂದುಕೊಂಡವರಿದ್ದಾರೆ.

ಗೊಂಬೆಗಳು ಭೂಮಿಯನ್ನು ದಾಟಿಯೂ ಹೋಗಿವೆ. ಗಗನನೌಕೆಯಲ್ಲಿ ಒಂದು ಚಿಕ್ಕ ಆಟಿಕೆಯನ್ನು ಒಯ್ಯುವುದು ವಾಡಿಕೆ. ಯಂತ್ರಗಳು ನಿಂತು ನೌಕೆ ಕಕ್ಷೆ ಸೇರಿದೊಡನೆ ಆ ಆಟಿಕೆ ತೇಲತೊಡಗುತ್ತದೆ. ಭಾರವಿಲ್ಲದ ಸ್ಥಿತಿಗೆ ಬಂದೆವೆಂಬುದಕ್ಕೆ ಅದೇ ಸೂಚನೆ. ೨೦೨೫ರ ಜೂನ್ ೨೫ರಂದು ನಮ್ಮ ದೇಶದ ಶುಭಾಂಶು ಶುಕ್ಲಾ ಅವರು ಮೂವರು ಸಂಗಾತಿಗಳೊಡನೆ ಅಂತರಿಕ್ಷಕ್ಕೆ ಹೊರಟಾಗ ಆ ನೌಕೆಯಲ್ಲಿ ತೇಲಿದ್ದು ‘ಜಾಯ್’ ಎಂಬ ಹೆಸರಿನ ಪುಟ್ಟ ಬಿಳಿಯ ಹಂಸ. ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲ ಪಕ್ಷಿಯೆಂದು ನಮ್ಮ ಪರಂಪರೆ ಹಂಸವನ್ನು ವಿವೇಕದ ಕುರುಹಾಗಿ ಕಂಡಿದೆ. ಯಾತ್ರಿಕನಾದವನಿಗೆ ಇದಕ್ಕಿಂತ ಬೇಕಾದ ಗುಣ ಮತ್ತೊಂದಿಲ್ಲ.

ನಮ್ಮ ಸೀಮೆಯ ಪುಟ್ಟ ಯಾತ್ರಿಕ

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮೇಡ್ಲೇರಿಯಂಥ ರಾಣೇಬೆನ್ನೂರು ತಾಲೂಕಿನ ಊರುಗಳಿಗೆ ಮನೆಯಿಂದ ಮನೆಗೆ ಸಂಚರಿಸುವ ಮಣ್ಣಿನ ಮೂರ್ತಿ ಹೊಸದಲ್ಲ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟುವ ಜೋಕುಮಾರಸ್ವಾಮಿಯು ಬಿದಿರಿನ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಹೆಣ್ಣುಮಕ್ಕಳ ತಲೆಯ ಮೇಲೆ ಊರೂರು ತಿರುಗುತ್ತಾನೆ. ಅವನನ್ನು ಹೊತ್ತು ಹಾಡುವ ಸೇವೆ ಹಲವೆಡೆ ಅಂಬಿಗರ, ಬಾರಕೇರರ ಮನೆತನದ ತಾಯಂದಿರದು. ಬುಟ್ಟಿ ಅಂಗಳಕ್ಕಿಳಿದರೆ ಆ ಮನೆಯವರು ಮರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ನೀಡುವರು. ಏಳು ದಿನ ಹೀಗೆ ಎಲ್ಲರ ಮನೆಯ ಅತಿಥಿಯಾಗಿದ್ದು ಹುಣ್ಣಿಮೆಯ ಹೊತ್ತಿಗೆ ಅವನ ಆಯುಷ್ಯ ಮುಗಿಯುತ್ತದೆ.

ಜನಪದರು ಇದಕ್ಕೊಂದು ಅರ್ಥ ಹೇಳುತ್ತಾರೆ. ಚವತಿಗೆ ಬರುವ ಗಣಪ್ಪನು ಕಡಬು, ಹೋಳಿಗೆ ಉಂಡು ಹೋಗಿ ಶಿವನ ಮುಂದೆ ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಹೇಳುವನಂತೆ. ಅವನ ಬೆನ್ನಿಗೆ ಬರುವ ಜೋಕುಮಾರನು ಬಿಸಿಲಲ್ಲಿ ಕೇರಿಕೇರಿ ಅಲೆದು, ಬಾಡಿದ ಪೈರನ್ನೂ ಬತ್ತಿದ ಕೆರೆಯನ್ನೂ ಕಂಡು, ಜನರಿಗೆ ಮಳೆಯಿಲ್ಲ ತಂದೆ ಎಂದು ಇದ್ದುದನ್ನು ಇದ್ದಂತೆ ಅರಿಕೆ ಮಾಡುವನಂತೆ. ಆಗ ಮಳೆ ಬರುತ್ತದೆ ಎಂಬುದು ನಂಬಿಕೆ. ಈ ನಂಬಿಕೆಯನ್ನು ಯಾರು ಹೇಗಾದರೂ ತೆಗೆದುಕೊಳ್ಳಲಿ, ಅದರೊಳಗಿನ ವಿಚಾರ ಮಾತ್ರ ತಳ್ಳಿಹಾಕುವಂಥದಲ್ಲ. ಹಬ್ಬದೂಟ ಉಂಡು ಹೋದವನು ಹೇಳುವ ಸುದ್ದಿ ಬೇರೆ, ಮನೆಯೊಳಗಿದ್ದು ಕಂಡವನು ಹೇಳುವ ಸುದ್ದಿ ಬೇರೆ. ಮಳೆ ತರುವುದು ಎರಡನೆಯದು.

‘ಆರಾಮ’ ಎಂಬ ಒಂದೇ ಮಾತು

ನಮ್ಮ ಎಷ್ಟೋ ಮನೆಗಳಲ್ಲಿ ಇಂದು ನಡೆಯುತ್ತಿರುವುದು ಗಣಪ್ಪನ ವರದಿಯೇ ಆಗಿದೆ. ರವಿವಾರ ಸಂಜೆ ದೂರವಾಣಿ ಬರುತ್ತದೆ. “ಆರಾಮ ಅದೀರೇನ್ರಿ ಅಪ್ಪಾರ?” ಎಂದು ಮಗ ಕೇಳುತ್ತಾನೆ. “ಆರಾಮ ಅದೀವಪಾ, ನೀವು?” ಎಂದು ತಂದೆ ಹೇಳುತ್ತಾರೆ. ಅವನೂ ಆರಾಮ. ಕೊಳವೆಬಾವಿ ಬತ್ತಿದ ಸಂಗತಿಯನ್ನು ಇವರು ಹೇಳುವುದಿಲ್ಲ, ನೌಕರಿ ಹೋಗುವ ಭಯವನ್ನು ಅವನು ಹೇಳುವುದಿಲ್ಲ. ತಾಯಿಯ ಮೊಣಕಾಲು ನೋವು ಇಲ್ಲಿ ಮುಚ್ಚಿಹೋಗುತ್ತದೆ. ಶಾಲೆಯಲ್ಲಿ ಗೆಳೆಯರಿಲ್ಲದೆ ಮೊಮ್ಮಗ ಒಬ್ಬನೇ ಬುತ್ತಿ ಉಣ್ಣುವ ಸಂಗತಿ ಅಲ್ಲಿ ಮುಚ್ಚಿಹೋಗುತ್ತದೆ. ಪರದೆಯ ಮೇಲೆ ಮುಖ ಕಾಣುವ ಅನುಕೂಲ ಇಂದು ಇದ್ದರೂ, ‘ಅಜ್ಜಗ ಶರಣು ಮಾಡು’ ಎಂದೊಡನೆ ಕೈಮುಗಿದು ಓಡಿಹೋಗುವ ಮಗುವಿಗೆ ಅಜ್ಜನೊಡನೆ ಆಡಲು ಮಾತೇ ಇರುವುದಿಲ್ಲ. ಪ್ರೀತಿ ಇಲ್ಲವೆಂದಲ್ಲ, ಇಬ್ಬರಿಗೂ ಗೊತ್ತಿರುವ ವಿಷಯವಿಲ್ಲ. ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಹೀಗೆ ವರ್ಷಗಳು ಕಳೆದು, ಕೊನೆಗೆ ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ.

ಇಂಥ ಕಡೆ ಪುಟ್ಟ ಗೊಂಬೆಯೊಂದು ಉಪಕಾರಕ್ಕೆ ಬಂದೀತು. ಅಜ್ಜಿ ಕಳಿಸಿದ ಗೊಂಬೆ ಒಂದು ತಿಂಗಳು ಮೊಮ್ಮಕ್ಕಳ ಮನೆಯಲ್ಲಿ ಇರಲಿ. ಅದು ಏನೇನು ಕಂಡಿತೆಂಬುದನ್ನು ಮಗುವೇ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಲಿ. ಕಾಗುಣಿತ ತಪ್ಪಿದರೆ ತಪ್ಪಲಿ. ಲಂಡನ್ನಿನಲ್ಲಿರುವವರು ಅದನ್ನು ಥೇಮ್ಸ್ ನದಿಯ ದಂಡೆಗೆ ಕರೆದೊಯ್ದು, ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ತೋರಿಸಲಿ. ಆದರೆ ನೋಡತಕ್ಕ ಸ್ಥಳಗಳಿಗಷ್ಟೇ ಒಯ್ದು ಭಾವಚಿತ್ರ ತೆಗೆದರೆ ಅದೂ ಕಡಬು ಉಂಡು ಹೋದಂತೆಯೇ. ಅಪ್ಪ ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬಂದ, ಹಿಮ ಬಿದ್ದ ದಿನ ಅಮ್ಮ ಹೇಗೆ ದಾರಿ ಬಿಡಿಸಿದಳು, ಶಾಲೆಯಲ್ಲಿ ಯಾರು ತನ್ನ ಹೆಸರನ್ನು ತಪ್ಪಾಗಿ ಕರೆದರು ಎಂಬುದನ್ನೂ ಗೊಂಬೆ ಕಾಣಲಿ. ಅದೇ ರೀತಿ ಅಲ್ಲಿಂದ ಬಂದ ಗೊಂಬೆಯನ್ನು ಅಜ್ಜ ಹೊಲಕ್ಕೆ ಒಯ್ಯಲಿ. ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯನ್ನು ತೋರಿಸಲಿ. ಅಂಬಿಗರ ಚೌಡಯ್ಯನವರ ನೆಲವಿದೆಂದು ಹೇಳಲಿ. ರಾತ್ರಿ ಕರೆಂಟು ಬಂದಾಗ ಎದ್ದು ಪಂಪು ಹಚ್ಚಲು ಹೋಗುವಾಗಲೂ ಜೇಬಿನಲ್ಲಿಟ್ಟುಕೊಳ್ಳಲಿ. ನೇರವಾಗಿ ಹೇಳಲು ನಾಲಿಗೆ ಏಳದ ಮಾತನ್ನು ಗೊಂಬೆಯ ಬಾಯಿಂದ ಹೇಳಿಸುವುದು ಸುಲಭ.

ಕಳಿಸುವವರಿಗೆ ಕೆಲವು ಸೂಚನೆಗಳು

ಗೊಂಬೆಗೆ ದೂರ ಹೋಗಬೇಕಾಗಿಲ್ಲ. ಅರಗಿನ ಬಣ್ಣದ ಚನ್ನಪಟ್ಟಣದ ಆಟಿಕೆ, ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆ, ಇವೆರಡೂ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ನಾಡಿನ ಕಲೆಗಳು. ಇವೆರಡಕ್ಕಿಂತಲೂ ನಮಗೆ ಮೆಚ್ಚುಗೆಯಾಗುವುದು ಮನೆಯಲ್ಲಿಯೇ ಹೊಲಿದ ಬಟ್ಟೆಯ ಗೊಂಬೆ. ಅಜ್ಜಿಯ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು, ಗುಳೇದಗುಡ್ಡದ ಖಣದ ಕುಪ್ಪಸ, ಒಳಗೆ ಬೀಜ ತೆಗೆದು ಹಿಂಜಿದ ಅರಳೆ. ಅಜ್ಜಿಯ ಕೈವಾಸನೆ ಇರುವ ಅಂಥ ಗೊಂಬೆಯನ್ನು ಯಾವ ಅಂಗಡಿಯೂ ಮಾರಲಾರದು.

ಗೊಂಬೆಯೊಳಗೆ ಹುಲ್ಲು, ಹೊಟ್ಟು, ಕಾಳು ತುಂಬಬಾರದು. ಬ್ಯಾಡಗಿ ಮೆಣಸಿನಕಾಯಿಯ ಸರ ಹಾಕಿ ಸಿಂಗರಿಸುವ ಆಸೆ ನಮ್ಮ ಕಡೆಯವರಿಗೆ ಬಂದೀತು, ಅದೂ ಬೇಡ. ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೊದಲಾದ ದೇಶಗಳಲ್ಲಿ ಬೀಜ, ಮಣ್ಣು, ಸಸ್ಯದ ಪದಾರ್ಥಗಳ ಮೂಲಕ ಕೀಟ ರೋಗಗಳು ಬರಬಾರದೆಂದು ಕಟ್ಟುನಿಟ್ಟಾದ ತಪಾಸಣೆಯುಂಟು. ಕಟ್ಟಿಗೆಯ ಗೊಂಬೆಯಾದರೂ ಪ್ರಾಮಾಣಿಕವಾಗಿ ನಮೂದಿಸಬೇಕು. ಸುಡದ ಮಣ್ಣಿನ ಎತ್ತನ್ನು ಮಣ್ಣೆತ್ತಿನ ಅಮಾವಾಸ್ಯೆಯ ನೆನಪಿಗೆಂದು ಕಳಿಸಿದರೆ ಅದು ಗಡಿಯಲ್ಲಿಯೇ ಉಳಿದೀತು. ಅಂಚೆಯಲ್ಲಿ ಕಳಿಸುವುದಾದರೆ ಒಳಗಿರುವ ವಸ್ತು ಮತ್ತು ಬೆಲೆಯನ್ನು ತಿಳಿಸುವ ಸುಂಕದ ಘೋಷಣಾ ಪತ್ರವನ್ನು ತುಂಬಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. ಊರಿಗೆ ಬಂದು ಹೋಗುವವರ ಕೈಯಲ್ಲಿ ಕೊಟ್ಟರೆ ಇನ್ನೂ ಸುಲಭ. ಮಗುವಿನ ವಿಳಾಸ, ಶಾಲೆಯ ಹೆಸರು ಕಾಣುವ ಚಿತ್ರಗಳನ್ನು ಹೊರಗಿನವರಿಗೆ ಹಂಚದಿರುವ ಎಚ್ಚರವೂ ಇರಲಿ.

ದಾಸೋಹವನ್ನು ಬದುಕಿನ ನಿಯಮವೆಂದು ಸಾರಿದ ಶರಣರ ವಾರಸುದಾರರು ನಾವು. ಬಂದವರಿಗೆ ಉಣಬಡಿಸುವುದು ದಾಸೋಹವಾದಂತೆ, ಬಂದವರ ಮಾತನ್ನು ಕಿವಿಗೊಟ್ಟು ಕೇಳುವುದೂ ದಾಸೋಹವೇ. ಒಂದು ಮಾತನ್ನು ಮಾತ್ರ ಇಲ್ಲಿ ಸ್ಪಷ್ಟಪಡಿಸಬೇಕು. ಗೊಂಬೆ ಬಂದಿದೆಯಲ್ಲ ಎಂದು ಮಗನು ಊರಿಗೆ ಬರುವುದನ್ನು ಮುಂದೂಡಿದರೆ ಈ ಆಟ ದ್ರೋಹವಾಗುತ್ತದೆ. ಗೊಂಬೆ ದೂತನೇ ಹೊರತು ಮನೆಯ ಮಗನಲ್ಲ. ಅದು ತಂದ ನೋಟುಬುಕ್ಕಿನಲ್ಲಿ ಅಮ್ಮನ ಮೊಣಕಾಲು ನೋವಿನ ಸುದ್ದಿಯನ್ನು ಓದಿದವನು, ನೋಟುಬುಕ್ಕನ್ನು ಕಪಾಟಿನಲ್ಲಿಟ್ಟು ಸುಮ್ಮನಾಗದೆ, ಬರುವ ರಜೆಗೆ ಟಿಕೇಟು ತೆಗೆಸಬೇಕು.